ಬ್ಯಾಂಕಿನವರ ತಾಳಿಕೆ ಎಲ್ಲಿಂದ ಬರ್ತದೆ?

ಈಗೀಗ ಬ್ಯಾಂಕಿನ ಟ್ರೈನಿಂಗ್‌ನಲ್ಲಿ ರೆಸಿಲಿಯೆನ್ಸ್, ಅಂದ್ರೆ ಒತ್ತಡ ತಾಳಿಕೊಳ್ಳುದು, ಅಂತ ಒಂದು ಕ್ಲಾಸು ಇರ್ತದೆ. ಉಸಿರಾಟ, ಧ್ಯಾನ, ಪಾಸಿಟಿವ್ ಆಗಿ ಯೋಚನೆ ಮಾಡುದು, ಎಲ್ಲ ಒಳ್ಳೆದೇ, ನನಗೂ ಉಪಯೋಗ ಆಗಿದೆ. ಆದ್ರೆ ಕಾಸರಗೋಡಿನ ಶಾಖೆಗಳಲ್ಲಿ ಇಷ್ಟು ವರ್ಷ ಕೆಲಸ ಮಾಡಿ ನಾನು ಕಂಡದ್ದು ಹೇಳ್ತೇನೆ, ಒಬ್ಬ ಸ್ಟಾಫು ತಡ್ಕೊಳ್ತಾನೋ ಕುಸೀತಾನೋ ಅನ್ನುದು ಅವನ ಮನಸ್ಸಿಗಿಂತ ಹೆಚ್ಚು ಪಕ್ಕದ ಕೌಂಟರಲ್ಲಿ ಯಾರಿದ್ದಾರೆ, ಮ್ಯಾನೇಜರು ಎಂಥವರು ಅನ್ನುದರ ಮೇಲೆ ಉಂಟು.

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರು ಬಂದ್ರೆ ಕನ್ನಡ ಇಲ್ಲಾ ಹವ್ಯಕ, ಉಪ್ಪಳದಲ್ಲಿ ಗಲ್ಫಿನಿಂದ ದುಡ್ಡು ಬಂತಾ ಕೇಳುವವರು ಬ್ಯಾರಿ, ಗೋಲ್ಡ್ ಲೋನಿಗೆ ಬಂದ ಅಕ್ಕ ತುಳು, ಅವರ ಹಿಂದೆ ನಿಂತವರು ಮಲಯಾಳ. ಕೌಂಟರಲ್ಲಿರುವ ಹುಡುಗ ಬಿಹಾರದಿಂದಲೋ ಒಡಿಶಾದಿಂದಲೋ ಪರೀಕ್ಷೆ ಪಾಸಾಗಿ ಬಂದವ, ಪಾಪ, ಅವನಿಗೆ ಇದ್ಯಾವುದೂ ಗೊತ್ತಿಲ್ಲ. ನವೆಂಬರಲ್ಲಿ ಪೆನ್ಶನಿನವರ ಲೈಫ್ ಸರ್ಟಿಫಿಕೇಟ್ ಶುರುವಾದ್ರೆ ಮತ್ತೆ ಕೇಳುದೇ ಬೇಡ, ಕೆಲಸ ಮಾಡಿ ಮಾಡಿ ಸವೆದ ಅಜ್ಜಿಯ ಬೆರಳು ಮಿಷಿನಿಗೆ ಸಿಗುದಿಲ್ಲ, ಅಜ್ಜಿಗೆ ನನ್ನ ದುಡ್ಡು ನಿಲ್ತದಾ ಅಂತ ಹೆದರಿಕೆ, ಇವನಿಗೆ ಸಮಾಧಾನ ಹೇಳ್ಲಿಕ್ಕೆ ಮಾತು ಬರುದಿಲ್ಲ. ಆಗ ಕ್ಯಾಶ್ ಬಿಟ್ಟು ಏಳ್ಲಿಕ್ಕೆ ಆಗದ ಊರಿನ ಕ್ಯಾಶಿಯರೇ ಕೂತಲ್ಲಿಂದ ತುಳುವಲ್ಲಿ ಕೂಗಿ ಹೇಳ್ಬೇಕು, ಇಲ್ಲಾಂದ್ರೆ ಅಟೆಂಡರಣ್ಣ ಬರ್ಬೇಕು. ದಿನವಿಡೀ ನಡೆಯುವ ಈ ಕೆಲಸ ಯಾವ ಟಾರ್ಗೆಟ್ ಶೀಟಲ್ಲೂ ಇಲ್ಲ, ಸಂಜೆ ರಿವ್ಯೂನಲ್ಲಿ ಕೇಳುದು ಇನ್ಶೂರೆನ್ಸ್ ಪಾಲಿಸಿ ಎಷ್ಟು ಮಾರಿದ್ರಿ ಅಂತ ಮಾತ್ರ. ನನಗೆ ನಿಜಕ್ಕೂ ಬೇಜಾರಾಗುದು ಇಲ್ಲೇ.

ಕೆಲಸ ಮತ್ತು ಮನಸ್ಸಿನ ಬಗ್ಗೆ ಸಂಶೋಧನೆ ಮಾಡುವ ಡೆಮೆರೂಟಿ, ಬಕ್ಕರ್, ಶೌಫೆಲಿ ಮೊದಲಾದವರು 2001ರಲ್ಲಿ ಹೇಳಿದ್ದು ಇದಕ್ಕೆ ಸರಿಯಾಗಿ ಕೂರ್ತದೆ. ಕೆಲಸ ನಮ್ಮಿಂದ ಕೇಳುದು ಒಂದು ಬದಿ, ಕೆಲಸದ ಜಾಗ ನಮಗೆ ಕೊಡುದು ಇನ್ನೊಂದು ಬದಿ. ಕೇಳುದು ಹೆಚ್ಚಾಗ್ತಾ ಹೋದ್ರೆ ಮನುಷ್ಯ ಸುಸ್ತಾಗ್ತಾನೆ, ಕೊಡುದು ಕಮ್ಮಿಯಾದ್ರೆ ಕೆಲಸದಿಂದಲೇ ಮನಸ್ಸು ದೂರ ಆಗ್ತದೆ. ಇದಕ್ಕೆ ಉಲ್ಟಾ, ಕೆಲಸಕ್ಕೆ ಮನಸ್ಸು ಅಂಟಿಕೊಳ್ಳುದಕ್ಕೆ ಎಂಗೇಜ್‌ಮೆಂಟ್ ಅಂತಾರೆ, ಅದಂದ್ರೆ ಹುರುಪು, ಮನಸ್ಸಿಟ್ಟು ಮಾಡುದು, ಕೆಲಸದಲ್ಲಿ ಮುಳುಗುದು, ಈ ಮೂರು ಅಂತ 2002ರಲ್ಲಿ ಶೌಫೆಲಿ ಮತ್ತು ಜೊತೆಯವರು ಬರೆದ್ರು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟನ್ನ, ಅಂದ್ರೆ ಕೆಲಸದಿಂದ ಪೂರ್ತಿ ಬಸವಳಿದು ಹೋಗುದನ್ನ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವಂಥದ್ದು ಅಂತಲೇ ಹೇಳಿದೆ. ಹಾಗಿರುವಾಗ ಸ್ಟಾಫಿಗೆ ಮಾತ್ರ ಗಟ್ಟಿಯಾಗು ಅನ್ನುದು ಎಂಥ ನ್ಯಾಯ?

2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್, ನಮ್ಮ ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕು ಬೇರೆಯದ್ರೊಳಗೆ ಸೇರಿ ಹೋದ್ವು, ಅದೂ ಕೊನೆಯ ಎರಡು ಸೇರಿದ್ದು ಕೊರೋನಾ ಶುರುವಾದ ಹೊತ್ತಿಗೆ. ಆಗ ಜನ ನಿಂತದ್ದು ಒಬ್ಬರಿಗೊಬ್ಬರು ಫೋನು ಮಾಡಿ, ಈ ಎಂಟ್ರಿ ಹೊಸ ಸಿಸ್ಟಮಲ್ಲಿ ಹೇಗೆ ಮಾಡುದು ಮಾರಾಯ್ರೇ ಅಂತ ಕೇಳಿ ಕೇಳಿ.

ವಾರಕ್ಕೆ ಐದು ದಿನದ ಬ್ಯಾಂಕಿಂಗ್ ಬೇಡಿಕೆಯೂ ಬೇಕಾದದ್ದೇ. ಆದ್ರೆ ಶಾಖೆಯಲ್ಲಿ ನಾಳೆಯೇ ಮಾಡ್ಲಿಕ್ಕೆ ಆಗುವಂಥದ್ದು ಉಂಟು: ಹೊರಗಿಂದ ಬಂದವರಿಗೆ ಕೌಂಟರಿಗೆ ಬೇಕಾದಷ್ಟು ಕನ್ನಡ, ಮಲಯಾಳ ಕಲಿಸಿ, ಡ್ಯೂಟಿ ಟೈಮಲ್ಲೇ. ಮತ್ತೆ ಭಾಷೆ ದಾಟಿಸುವವರ ಹೆಸರು ರಿವ್ಯೂನಲ್ಲಿ ಎಲ್ಲರೆದುರು ಹೇಳಿ, ಅವರ ಇನ್ಶೂರೆನ್ಸ್ ಟಾರ್ಗೆಟ್ ಆ ಕೆಲಸಕ್ಕೆ ತಕ್ಕಷ್ಟು ಇಳಿಸಿ.