‘ಎಸಿ ಇದೆ, ಏರ್ ಕೂಲ್ಡ್ ಸಾಕು’ ಅಂತ ಬರೆದುಕೊಟ್ಟವನ ಕಥೆ

ನಾನು ಮಾರುವುದು ಸಾಫ್ಟಿ ಐಸ್‌ಕ್ರೀಂ ಮಷೀನು. ಅದರ ಬಿಸಿಯನ್ನು ಗಾಳಿಯಿಂದ ಆರಿಸಿದರೆ ಏರ್ ಕೂಲ್ಡ್, ನೀರಿನಿಂದ ಆರಿಸಿದರೆ ವಾಟರ್ ಕೂಲ್ಡ್. ಒಂದು ಕೊಟೇಶನ್ನಿನ ಕೆಳಗೆ ನನ್ನದೇ ಕೈಬರಹದಲ್ಲಿ ಒಂದು ಸಾಲಿದೆ: ‘ಅಂಗಡಿಯಲ್ಲಿ ಎಸಿ ಇದೆ, ಏರ್ ಕೂಲ್ಡ್ ಸಾಕು.’ ಅದರ ಫೋಟೊ ಕಲಬುರಗಿಯ ಒಬ್ಬ ಸಾಫ್ಟಿ ಅಂಗಡಿ ಮಾಲೀಕರ ಮೊಬೈಲಿನಲ್ಲಿ ಭದ್ರವಾಗಿದೆ. ಎಎಂಸಿ (ವರ್ಷದ ಸರ್ವಿಸ್ ಒಪ್ಪಂದ) ರೇಟಿನ ಚೌಕಾಸಿ ಶುರುವಾದಾಗಲೆಲ್ಲ ಮಾತಿಲ್ಲದೆ ಅದನ್ನೇ ನನಗೆ ಫಾರ್ವರ್ಡ್ ಮಾಡುತ್ತಾರೆ. ನಾನೂ ಮಾತಿಲ್ಲದೆ ರೇಟು ಇಳಿಸುತ್ತೇನೆ.

ಅಂಗಡಿ ಹತ್ತು ಬೈ ಹನ್ನೆರಡು ಅಡಿ. ಮುಂದೆ ಗಾಜು, ಒಳಗೆ ಒಂದೂವರೆ ಟನ್ನಿನ ಹೊಸ ಎಸಿ. ನಾನು ಸ್ಪಾಟ್ ವಿಸಿಟ್‌ಗೆ ಹೋದದ್ದು ಜನವರಿಯ ಬೆಳಿಗ್ಗೆ, ಒಳಗೆ ತಣ್ಣಗಿತ್ತು. ಆ ವರ್ಷ ಗೋಡೌನಿನಲ್ಲಿ ಏರ್ ಕೂಲ್ಡ್ ಸ್ಟಾಕು ಕೂತಿತ್ತು, ಮಾರ್ಚ್ ಒಳಗೆ ಖಾಲಿ ಮಾಡಿ ಅಂತ ಮೇಲಿನವರ ಮೆಸೇಜಿನ ಮೇಲೆ ಮೆಸೇಜು. ಹಾಗಂತ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವಂತಿಲ್ಲ. ವಾಟರ್ ಕೂಲ್ಡ್ ಅಂದರೆ ಪೈಪು, ಪಂಪು, ಟ್ಯಾಂಕು, ಪ್ಲಂಬರ್ ಹಿಂದೆ ಅಲೆದಾಟ. ನನಗೂ ಅದು ಬೇಡವಾಗಿತ್ತು.

ಓಪನಿಂಗ್ ಏಪ್ರಿಲ್ ಕೊನೆಯ ವಾರ, ಸಂಜೆ ಐದಕ್ಕೆ. ಮೊದಲ ನೂರು ಮಂದಿಗೆ ಫ್ರೀ ಅಂತ ಬ್ಯಾನರ್ ಬೇರೆ. ಮಕ್ಕಳು ರಸ್ತೆವರೆಗೂ ನಿಂತಿದ್ದರು, ಗಾಜಿನ ಬಾಗಿಲು ಮುಚ್ಚುವ ಮಾತೇ ಇಲ್ಲ. ಮೊದಲ ನಲವತ್ತು ಕೋನು ಚೆನ್ನಾಗಿ ಬಂತು, ಮೈನಸ್ ಆರರಲ್ಲಿ, ಸುರುಳಿ ಗಟ್ಟಿಯಾಗಿ ನಿಂತಿತ್ತು. ಆಮೇಲೆ ಸುರುಳಿಯ ತುದಿ ಬಾಗತೊಡಗಿತು. ಐವತ್ತೈದನೆಯ ಕೋನು ಹುಡುಗಿಯ ಮೊಣಕೈವರೆಗೂ ಇಳಿಯಿತು.

“ಸರ, ಹಾಲಿನಂಗ ಬರ್ಲತ್ತದ್ರಿ,” ಅಂದ ಕೌಂಟರ್ ಹುಡುಗ.

ನನಗೆ ಮೊದಲು ಅನುಮಾನ ಬಂದದ್ದು ಅವನ ಮೇಲೇ. ಐಸ್‌ಕ್ರೀಂ ಪೌಡರಿಗೆ ನೀರು ಜಾಸ್ತಿ ಸುರಿದಿರಬೇಕು. “ಎಷ್ಟು ಸಲ ಹೇಳಿದ್ದೆ, ಅಳತೆ ಮಗ್ಗಿನಲ್ಲೇ ಹಾಕು ಅಂತ?” ಜನರೆದುರಿಗೇ ಗದರಿದೆ. ಅವನು ಮಗ್ಗು ತೋರಿಸಿದ, ನಾನು ನೋಡಲಿಲ್ಲ. ಅಷ್ಟರಲ್ಲಿ ಮಷೀನೇ ನಿಂತಿತು. ಎಚ್‌ಪಿ ಕಟ್, ಅಂದರೆ ಗ್ಯಾಸಿನ ಒತ್ತಡ ಮಿತಿ ಮೀರಿದಾಗ ಮಷೀನನ್ನು ನಿಲ್ಲಿಸುವ ಸ್ವಿಚ್ಚು.

ರಿಸೆಟ್ ಒತ್ತಿದೆ. ನಾಲ್ಕು ನಿಮಿಷ ಓಡಿತು, ಮತ್ತೆ ನಿಂತಿತು. ಮತ್ತೊಮ್ಮೆ ಒತ್ತಿದೆ. ಮೂರನೇ ಸಲ ಒತ್ತಡ ನೋಡುವ ಗೇಜ್ ಹಾಕಿ ಕೂತೆ. 340, 360, 385. ಮುಳ್ಳು ಏರುವುದು ಕಣ್ಣಿಗೆ ಕಾಣುತ್ತಿತ್ತು. 400 ಮುಟ್ಟುವಾಗ ‘ಟಕ್’. ಗ್ಯಾಸ್ ಜಾಸ್ತಿ ಚಾರ್ಜ್ ಆಗಿದೆಯೇನೋ ಅಂತ ಸ್ವಲ್ಪ ಬಿಡಲಿಕ್ಕೂ ಕೈ ಹಾಕಿದ್ದೆ. ಮಷೀನಿನೊಳಗೆ ತಂಪು ಮಾಡುವ 404ಎ ಗ್ಯಾಸಿಗೆ 400 ಪಿಎಸ್‌ಐ ಒತ್ತಡ ಅಂದರೆ ಬಿಸಿ ಹೊರಹಾಕುವ ಕಂಡೆನ್ಸರ್ ಅರವತ್ತು ಡಿಗ್ರಿಯ ಹತ್ತಿರ ಕೂತಿದೆ ಅಂತ ಅರ್ಥ. ದಿನಾ ನೋಡುವ ಗೇಜ್, ಆದರೂ ಆ ಗದ್ದಲದಲ್ಲಿ ತಲೆಗೆ ಹೋಗಲಿಲ್ಲ.

ಹೇಳಿದ್ದು ಮಾಲೀಕರ ತಾಯಿ. ಪೂಜೆಯ ತಟ್ಟೆ ತೆಗೆಯಲು ಮಷೀನಿನ ಹಿಂದೆ ಹೋದವರು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಬಂದರು. “ಇದರ ಹಿಂದ ಒಮ್ಮಿ ನಿಂತ್ ನೋಡ್ರಿ ತಮ್ಮಾ, ಒಲಿ ಹೊತ್ತಿಸಿದಂಗ ಅದ.”

ಗೋಡೆಗೂ ಮಷೀನಿಗೂ ನಾಲ್ಕು ಬೆರಳು ಜಾಗ. ಬ್ಲೋವರ್ ಉಗುಳಿದ ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಕಂಡೆನ್ಸರಿಗೇ ಹೋಗುತ್ತಿತ್ತು. ಗಾಳಿ ಎಳೆಯುವ ಬದಿಗೆ ಥರ್ಮಾಮೀಟರ್ ಹಿಡಿದೆ: 47 ಡಿಗ್ರಿ. ಕ್ಯಾಟಲಾಗಿನ ‘ಗಂಟೆಗೆ ಇಷ್ಟು ಲೀಟರ್’ ಅನ್ನುವ ಸಾಲಿನ ಕೆಳಗೆ ಚಿಕ್ಕಕ್ಷರದಲ್ಲಿ, ಸುತ್ತಲಿನ ಗಾಳಿ 32 ಡಿಗ್ರಿ ಇದ್ದರೆ ಅಂತಿತ್ತು.

ಜಾಗ ಬಿಡದ್ದಕ್ಕಿಂತ ದೊಡ್ಡ ತಪ್ಪು ಆ ಎಸಿಯ ಲೆಕ್ಕ. ಮಷೀನು ಕರೆಂಟಿನಲ್ಲಿ ಎಳೆಯುವುದು ಮೂರು ಕಿಲೋವ್ಯಾಟಿನ ಆಸುಪಾಸು. ಐಸ್‌ಕ್ರೀಂ ಮಿಶ್ರಣದಿಂದ ಕಿತ್ತ ಶಾಖವೂ ಸೇರಿದರೆ ಹೊರಗೆ ಉಗುಳುವುದು ಐದು ಕಿಲೋವ್ಯಾಟ್ ದಾಟುತ್ತದೆ. ಒಂದೂವರೆ ಟನ್ನಿನ ಎಸಿ ಎತ್ತಿ ಹಾಕುವುದೂ ಅಷ್ಟೇ, ಅದೂ ಹೊರಗೆ 43 ಡಿಗ್ರಿ ಇಲ್ಲದಿದ್ದರೆ. ಅಂದರೆ ಆ ಎಸಿ ಜನರಿಗಲ್ಲ, ನನ್ನ ಮಷೀನಿಗೇ ದುಡಿಯುತ್ತಿತ್ತು. ಬಾಗಿಲು ತೆರೆದಿಟ್ಟ ಕೂಡಲೇ ಅದೂ ಕೈಚೆಲ್ಲಿತು. ಜನವರಿಯಲ್ಲಿ ನಾನು ಕಂಡ ತಂಪು ಮಷೀನು ಬರುವ ಮುಂಚಿನ ತಂಪು!

ಆ ರಾತ್ರಿ ಮಷೀನನ್ನು ಒಂದೂವರೆ ಅಡಿ ಮುಂದೆ ಎಳೆದೆವು, ಅರ್ಧ ಕೌಂಟರ್ ಮುಚ್ಚಿತು. ಪ್ಯಾನೆಲ್ ಬಿಚ್ಚಿ, ಗಿಡಕ್ಕೆ ಔಷಧಿ ಹೊಡೆಯುವ ಹೊಸ ಪಂಪು ತರಿಸಿ ಕಂಡೆನ್ಸರಿನ ತೆಳು ಫಿನ್ನುಗಳ ಮೇಲೆ ನೀರು ಚಿಮುಕಿಸಿದೆ. ಮುಳ್ಳು 320ಕ್ಕೆ ಇಳಿಯಿತು. ಏರ್ ಕೂಲ್ಡ್ ಮಾರಿದವನೇ ನೀರು ಹೊಡೆದು ಓಡಿಸಿದಂತಾಯಿತು. (ವೈರಿಂಗ್ ಪಕ್ಕದಲ್ಲಿ ಇದೆಲ್ಲ ಯಾರೂ ಮಾಡಬೇಡಿ. ನಾನು ಮಾಡಿದ್ದು ಮಾನ ಉಳಿಸಿಕೊಳ್ಳಲಿಕ್ಕೆ.) ಮುಂದಿನ ವಾರ ಹಿಂದಿನ ಗೋಡೆ ಒಡೆದು, ಡಕ್ಟ್ ಕೂರಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಬಿಸಿಗಾಳಿಯನ್ನು ಓಣಿಗೆ ಬಿಟ್ಟೆವು. ಮೇ ಮಧ್ಯಾಹ್ನವೂ 340 ದಾಟಲಿಲ್ಲ. ಡಕ್ಟಿನ ಖರ್ಚು ‘ಸೈಟ್ ಕಂಡೀಶನ್, ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ಕಂಪನಿ ಕೈ ತೊಳೆದುಕೊಂಡಿತು. ಅರ್ಧ ಮಾಲೀಕರದು, ಅರ್ಧ ನನ್ನ ಇನ್ಸೆಂಟಿವ್.

ಹುಡುಗನಿಗೆ ಸಾರಿ ಹೇಳಬೇಕು ಅಂತ ಮರುದಿನ ಹೋದರೆ ಅವನು ಬಂದಿರಲಿಲ್ಲ. ಆಮೇಲೂ ಬರಲಿಲ್ಲವಂತೆ.

ಬೆಂಕಿಯಲ್ಲಿ ಕೈ ಸುಟ್ಟುಕೊಂಡವನು ನೀರಿಗೆ ಓಡುತ್ತಾನಲ್ಲ, ಹಾಗೆ ರಾಯಚೂರಿನ ಮುಂದಿನ ಗಿರಾಕಿಗೆ ಕಣ್ಣು ಮುಚ್ಚಿ ವಾಟರ್ ಕೂಲ್ಡ್ ಬರೆದೆ. ಅಲ್ಲಿ ಬೋರ್ ನೀರು. ಅನ್ನ ಬೇಯಿಸುವ ಪಾತ್ರೆಯ ತಳದಲ್ಲಿ ಕಟ್ಟಿದ ಬಿಳಿ ಪದರ ನನಗೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗಲೇ ಕಂಡಿತ್ತು. ಕಂಡೂ ಕೇಳಲಿಲ್ಲ. ಆರು ತಿಂಗಳಿಗೆ ಕಂಡೆನ್ಸರ್ ಪೈಪಿನೊಳಗೆ ಅದೇ ಪದರ, ಅದೇ ‘ಟಕ್’. ಆ ಪದರ ತೆಗೆಸಿ, ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸುವಷ್ಟರಲ್ಲಿ ಸೀಸನ್ ಮುಗಿದಿತ್ತು.

ನೀರನ್ನು ಸುತ್ತಿಸದೆ ನೇರ ಚರಂಡಿಗೆ ಬಿಡುವವರ ಲೆಕ್ಕ ಇನ್ನೂ ಮಜಾ. ಇಷ್ಟು ದೊಡ್ಡ ಮಷೀನು ಓಡುವಾಗ ನಿಮಿಷಕ್ಕೆ ಹತ್ತು ಲೀಟರಿನಂತೆ ಹೋಗುತ್ತದೆ, ಸಾವಿರ ಲೀಟರಿನ ಸಿಂಟೆಕ್ಸ್ ಎರಡು ಗಂಟೆಗೆ ಖಾಲಿ. ಟ್ಯಾಂಕಿಗೇ ವಾಪಸ್ ಬಿಟ್ಟರೆ ಅದೇ ಸಾವಿರ ಲೀಟರು ಗಂಟೆಗೆ ನಾಲ್ಕೈದು ಡಿಗ್ರಿಯಂತೆ ಕಾಯುತ್ತದೆ, ಸಂಜೆಯ ರಶ್ ಹೊತ್ತಿಗೆ ಸ್ನಾನಕ್ಕೆ ಹದವಾಗಿರುತ್ತದೆ. ಆ ನೀರನ್ನು ಆರಿಸಲು ಕೂಲಿಂಗ್ ಟವರ್ ಬೇಕು ಅಂದರೆ ಗಿರಾಕಿ ಮುಖ ನೋಡಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಆ ತಿಂಗಳು ಅಲ್ಲಿಂದ ಮೂವರು ಫೋನ್ ಮಾಡಿ ‘ವಾಟರ್ ಕೂಲ್ಡನ್ನು ಏರ್ ಕೂಲ್ಡ್ ಮಾಡಲಿಕ್ಕೆ ಆಗುತ್ತಾ’ ಅಂತ ಕೇಳಿದರು.

ಈಗ ನಾನು ಸ್ಪಾಟ್ ವಿಸಿಟ್‌ಗೆ ಮಧ್ಯಾಹ್ನ ಮೂರಕ್ಕೇ ಹೋಗುವುದು. ಹಿಂದಿನ ಗೋಡೆ ಯಾರದು, ಒಡೆಯಬಹುದೇ ಅಂತ ಕೇಳುತ್ತೇನೆ. ಪಕ್ಕದಲ್ಲಿ ಮಿರ್ಚಿ ಬಜ್ಜಿ ಬಾಣಲೆ ಇದ್ದರೆ ಎಣ್ಣೆಯ ಜಿಡ್ಡು ಫಿನ್ನಿಗೆ ಕೂರುವುದು ಗ್ಯಾರಂಟಿ, ಅದನ್ನೂ ಬರೆದುಕೊಳ್ಳುತ್ತೇನೆ. ಮೇ ತಿಂಗಳಲ್ಲಿ ನೀರು ಎಲ್ಲಿಂದ ಅಂತ ಕೇಳಿದರೆ ‘ಅದರ ಚಿಂತೆ ಬಿಡಿ’ ಅನ್ನುವವರಿಗೆ ವಾಟರ್ ಕೂಲ್ಡ್ ಕೊಡುವುದಿಲ್ಲ.

ಕೊಟೇಶನ್ ಫಾರ್ಮ್ಯಾಟಿನಲ್ಲಿ ‘ಬಿಸಿ ಎಲ್ಲಿಗೆ ಹೋಗುತ್ತೆ’ ಅಂತ ಒಂದು ಕಾಲಂ ಸೇರಿಸಿ ಅಂತ ಮೂರು ಸಲ ಮೇಲ್ ಹಾಕಿದ್ದೇನೆ. ಫಾರ್ಮ್ಯಾಟ್ ಹೆಡ್ಡಾಫೀಸಿಂದಲೇ ಬರಬೇಕಂತೆ. ಕಲರ್ ಆಪ್ಶನ್ನಿಗೆ ಮಾತ್ರ ಎರಡು ಕಾಲಂ ಇವೆ.