ಮೂರು ಅಡಿ ಕಡಿಮೆ

ಗದಗ, 14 ಜುಲೈ 2024, ಭಾನುವಾರ

ಆಷಾಢದ ಈ ಗಾಳಿಯಲ್ಲಿ ಕಂಬ ಎಬ್ಬಿಸುವ ಮಾತೇ ಇಲ್ಲ. ಮನೆಯಲ್ಲೇ ಕೂತು ಅಮೆರಿಕದ ಒಂದು ವಿಮಾನ ಅಪಘಾತದ ತನಿಖೆ ಓದಿದೆ. ಸತ್ತವನು ಹೊಲಗಳಿಗೆ ಔಷಧ ಹೊಡೆಯುವ ವಿಮಾನದ ಪೈಲಟ್. ಅವನ ವಿಮಾನ ಬಡಿದದ್ದು ನಾವು ನಿಲ್ಲಿಸುವಂಥದ್ದೇ ಒಂದು ಕಂಬಕ್ಕೆ, ಗಾಳಿ ವಿದ್ಯುತ್‌ಗೆ ಜಾಗ ನೋಡಲು ಗಾಳಿ ಅಳೆಯುವ ಕಂಬಕ್ಕೆ.

2011ರ ಜನವರಿ 10. ಕ್ಯಾಲಿಫೋರ್ನಿಯಾದ ಓಕ್ಲಿ ಹತ್ತಿರದ ವೆಬ್ ಟ್ರ್ಯಾಕ್ಟ್ ದ್ವೀಪ. ಕಂಬದ ಎತ್ತರ 197 ಅಡಿ. ಅಲ್ಲಿ 200 ದಾಟಿದರೆ ವಿಮಾನಯಾನ ಇಲಾಖೆಗೆ ತಿಳಿಸಬೇಕು, ಆಮೇಲೆ ಬಣ್ಣ, ದೀಪದ ಮಾತು ಬರುತ್ತದೆ. ಮೂರು ಅಡಿ ಗಿಡ್ಡ ಮಾಡಿದರೆ ಯಾವ ರಗಳೆಯೂ ಇಲ್ಲ. ಈ ಲೆಕ್ಕ ಹಾಕಿದವರ ತಲೆ ನನಗೆ ಚೆನ್ನಾಗಿಯೇ ಗೊತ್ತು.

ಇಂಥ ಕಂಬ ಎಂದರೆ ಸುಮಾರು ಒಂದು ಗೇಣು ದಪ್ಪದ, ಸತು ಲೇಪಿಸಿದ ಕೊಳವೆ. ಮೋಡ ಕವಿದ ದಿನ ಬುಡದಲ್ಲಿ ನಿಂತವನೇ ಕಣ್ಣು ಕಿರಿದು ಮಾಡಿ ತುದಿ ಹುಡುಕಬೇಕು. ಕಂಬ ಬೀಳದಂತೆ ನಾಲ್ಕೂ ಕಡೆ ಎಳೆದು ಕಟ್ಟಿದ ತಂತಿ, ಗೈ ವೈರ್ ಅಂತೂ ನಾಲ್ಕು ಮಾರು ದೂರ ಹೋದರೆ ಇಲ್ಲವೇ ಇಲ್ಲ. ಎಬ್ಬಿಸಲು ಕೆಲವೇ ಗಂಟೆ ಸಾಕು. ನಿನ್ನೆ ಖಾಲಿ ಇದ್ದ ಹೊಲದಲ್ಲಿ ಇವತ್ತು ಕಂಬ. ಬೆಳೆಯ ತಲೆ ಸವರುವಷ್ಟು ತಗ್ಗಿನಲ್ಲಿ, ಗಂಟೆಗೆ 150 ಕಿ.ಮೀ.ಗೂ ಮೀರಿ ಹೋಗುವವನಿಗೆ ಅದು ಯಾವಾಗ ಕಂಡೀತು?

ತನಿಖೆ ಮಾಡಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತೀರ್ಮಾನ ಮಾತ್ರ ಪೈಲಟ್‌ನಿಂದಲೇ ಶುರುವಾಗುತ್ತದೆ: ಅಡ್ಡಿಯನ್ನು ಕಂಡು ತಪ್ಪಿಸಿಕೊಳ್ಳಲಿಲ್ಲ. ಕಂಬ ಎದ್ದು ಕಾಣುತ್ತಿರಲಿಲ್ಲ, ಅದರ ಮಾಹಿತಿ ಅವನಿಗೆ ಸಿಗುವಂತಿರಲಿಲ್ಲ ಎಂಬುದು ಪೂರಕ ಕಾರಣ. ನನ್ನ ಕೈಗೆ ಕೊಟ್ಟಿದ್ದರೆ ಎರಡನ್ನೂ ತಿರುವುಮುರುವು ಮಾಡಿ ಬರೆಯುತ್ತಿದ್ದೆ. ಇದು ಮೊದಲ ಸಾವೂ ಅಲ್ಲ. 2003ರಲ್ಲಿ ಆರೆಗಾನ್‌ನಲ್ಲಿ ಒಂದು ಸಣ್ಣ ವಿಮಾನ, 2005ರಲ್ಲಿ ಟೆಕ್ಸಸ್‌ನಲ್ಲಿ ಹೊಲದ ವಿಮಾನ, ಎರಡೂ ಕಡೆ ಇಂಥದ್ದೇ ಕಂಬ. ಆದರೂ ಮಂಡಳಿಯನ್ನು ಮೆಚ್ಚಬೇಕು, 2011ರ ಮಾರ್ಚ್‌ನಲ್ಲೇ ಪೈಲಟ್‌ಗಳಿಗೆ ಎಚ್ಚರಿಕೆ ಹೊರಡಿಸಿತು. ಜೂನ್‌ನಲ್ಲಿ ವಿಮಾನಯಾನ ಇಲಾಖೆ ಇಂಥ ಕಂಬಗಳಿಗೆ ಬಣ್ಣ ಬಳಿಯುವ ಸಲಹೆ ಕೊಟ್ಟಿತು. ಬರೀ ಸಲಹೆ, ಬೇಕಿದ್ದವರು ಪಾಲಿಸಬಹುದು! 50ರಿಂದ 200 ಅಡಿಯ ಕಂಬಗಳಿಗೂ ನಿಯಮ ಮಾಡಿ ಎಂದು ಅವರ ಸಂಸತ್ತು ಹೇಳಿದ್ದು 2016ರಲ್ಲಿ.

ನಮ್ಮ ಕಡೆ ಈಗ ಔಷಧ ಹೊಡೆಯಲು ಡ್ರೋನ್ ಬಂದಿವೆ, ಒಳಗೆ ಯಾರೂ ಕೂತಿರುವುದಿಲ್ಲ. ಹಾಗಂತ ಗುಡ್ಡದ ಮೇಲೆ ಹೆಲಿಕಾಪ್ಟರ್ ಬರುವುದೇ ಇಲ್ಲವೇ? ಕೇಸರಿ-ಬಿಳಿ ಪಟ್ಟೆ, ತಂತಿಗೆ ಬಣ್ಣದ ಚೆಂಡು ಎಂದರೆ ನಮ್ಮ ಸೂಪರ್‌ವೈಸರ್ ಸಾಹೇಬರು ಖರ್ಚಿನ ರಾಗ ಎಳೆಯುತ್ತಾರೆ. ವರದಿಯ ಕೊನೆಯ ಪುಟ ಪ್ರಿಂಟ್ ತೆಗೆದಿಟ್ಟಿದ್ದೇನೆ. ನಾಳೆ ಸೈಟಿನ ಮೀಟಿಂಗಿನಲ್ಲಿ ಅವರ ಮುಂದಿಡುತ್ತೇನೆ.