ಗಾಡಿ ಏನು ಅಂತ ಓನರ್‌ಗೆ ಮೊದಲು ಹೇಳಿ: ಹಳೇ ಮಸಲ್ ಕಾರು ಹುಡುಕುವ ಕೆಲಸದ ಅನುಭವ

ನಾನು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ ಹಳೇ ಕಾರು ರಿಪೇರಿ ಮಾಡುವ ಒಂದು ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. 1960ರ ದಶಕದ, 70ರ ಶುರುವಿನ ಮಸಲ್ ಕಾರುಗಳನ್ನು, ಅಂದರೆ ದೊಡ್ಡ ಎಂಜಿನ್ ಕೂರಿಸಿದ ವೇಗದ ಕಾರುಗಳನ್ನು, ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಮತ್ತೆ ರಸ್ತೆಗೆ ಇಳಿಸುವುದು ನಮ್ಮ ಕಸುಬು. ಅದರಲ್ಲಿ ನನ್ನ ಪಾಲಿನದು ಹುಡುಕಾಟ. ಯಾರದೋ ಗ್ಯಾರೇಜಿನಲ್ಲಿ, ಹೊಲದ ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತ ಗಾಡಿ ಪತ್ತೆ ಮಾಡಬೇಕು, ಓನರ್ ಹತ್ತಿರ ಹೋಗಿ ಮಾತಾಡಬೇಕು. ಊರಲ್ಲಿರುವ ಗೆಳೆಯರು ಇದನ್ನು ಹೇಗೆ ಮಾಡ್ತೀಯ ಅಂತ ಕೇಳುತ್ತಲೇ ಇರುತ್ತಾರೆ.

ಇಷ್ಟು ಒಳ್ಳೇ ಗಾಡಿಗಳನ್ನು ಜನ ಯಾಕೆ ಬಿಟ್ಟರು ಅನ್ನೋದು ಮೊದಲು ಗೊತ್ತಿರಬೇಕು. ಪಾಂಟಿಯಾಕ್ ಕಂಪನಿ 1964ರಲ್ಲಿ ತನ್ನ ಮಧ್ಯಮ ಗಾತ್ರದ ಲೆಮಾನ್ಸ್ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ಕೂರಿಸಿ ಜಿಟಿಒ ಅಂತ ಮಾರಿತು. ಮೊದಲ ವರ್ಷವೇ 32,450 ಕಾರು ಹೋದವು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಆಮೇಲೆ ಹುಡುಗರ ಗಾಡಿ ಅಂತ ಇನ್ಶೂರೆನ್ಸ್ ದರ ಏರಿತು. 1971ಕ್ಕೆ ಜನರಲ್ ಮೋಟಾರ್ಸ್ ತನ್ನ ಎಂಜಿನ್‌ಗಳ ಕಂಪ್ರೆಷನ್ ಇಳಿಸಿತು, ಶಕ್ತಿ ಕಮ್ಮಿಯಾಯಿತು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಕುಡಿಯುವ ಗಾಡಿ ಯಾರಿಗೂ ಬೇಡವಾಯಿತು. ಕ್ಲಚ್ ಹೋಯಿತು, ಮಗು ಹುಟ್ಟಿತು, ಮನೆ ಬದಲಾಯಿತು. ಆಮೇಲೆ ಸರಿ ಮಾಡೋಣ ಅಂತ ನಿಲ್ಲಿಸಿದವರೇ ಹೆಚ್ಚು. ಬಿಸಾಕಿದವರು ಕಮ್ಮಿ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಓನರ್ ಜೊತೆ ಮಾತಾಡುವ ದನಿಯೇ ಬೇರೆ ಆಗುತ್ತದೆ.

ಹುಡುಕಲು ಒಳ್ಳೇ ಕಾಲ ಅಕ್ಟೋಬರ್ ಕೊನೆಯಿಂದ ಹಿಮ ಬೀಳುವವರೆಗೆ. ಮರದ ಎಲೆ ಉದುರಿರುತ್ತದೆ, ಮೆಕ್ಕೆಜೋಳದ ಕಟಾವು ಆಗಿರುತ್ತದೆ, ಮನೆಗಳ ಹಿಂದೆ ಏನಿದೆ ಅಂತ ರಸ್ತೆಯಿಂದಲೇ ಕಾಣುತ್ತದೆ. ನೀಲಿ ಟಾರ್ಪಾಲಿನ ಕೆಳಗೆ ಉದ್ದ ಬಾನೆಟ್, ಗಿಡ್ಡ ಡಿಕ್ಕಿಯ ಆಕಾರ ಕಂಡರೆ ನಿಧಾನ ಮಾಡುತ್ತೇನೆ. ನಂಬರ್ ಪ್ಲೇಟಿನ ಮೇಲೆ ವರ್ಷದ ಸ್ಟಿಕ್ಕರ್ ಇರುತ್ತದೆ, ಗಾಡಿ ಯಾವಾಗ ನಿಂತಿತು ಅಂತ ಅದೇ ಹೇಳುತ್ತದೆ. ಆದರೆ ನಮಗೆ ಒಳ್ಳೇ ಗಾಡಿಗಳು ಸಿಕ್ಕಿದ್ದು ಕಣ್ಣಿಗಿಂತ ಕಿವಿಯಿಂದಲೇ ಜಾಸ್ತಿ. ಟೋ ಗಾಡಿ ಓಡಿಸುವವರು, ಮನೆಮನೆಗೆ ಗ್ಯಾಸ್ ತುಂಬಿಸಲು ಹೋಗುವವರು, ಬಿಡಿಭಾಗದ ಅಂಗಡಿಯ ಹಳೇ ಕೆಲಸಗಾರರು, ಇವರಿಗೆ ಯಾರ ಶೆಡ್‌ನಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಅವರ ಜೊತೆ ಕೂತು ಕಾಫಿ ಕುಡಿಯುವುದೂ ನನ್ನ ಕೆಲಸವೇ.

ಇನ್ನು ಬಾಗಿಲು ತಟ್ಟುವುದು. ಹಳ್ಳಿ ಕಡೆ ನನ್ನ ಮುಖ, ನನ್ನ ಮಾತಿನ ಧಾಟಿ ಎರಡೂ ಅವರಿಗೆ ಹೊಸದು. ಹಾಗಾಗಿ ಹಗಲಲ್ಲೇ ಹೋಗುತ್ತೇನೆ, ಊಟದ ಹೊತ್ತು ತಪ್ಪಿಸುತ್ತೇನೆ. ನನ್ನ ಗಾಡಿಯನ್ನು ರಸ್ತೆ ಬದಿಯಲ್ಲಿ ಬಿಡುತ್ತೇನೆ, ಅವರ ದಾರಿಗೆ ಅಡ್ಡ ನಿಲ್ಲಿಸುವುದಿಲ್ಲ. ಮುಂಬಾಗಿಲಿಗೇ ಹೋಗಿ, ಬೆಲ್ ಒತ್ತಿ, ಕೆಲವು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಹಿತ್ತಲಿಗೆ ಹೋಗಿ ಇಣುಕುವುದು, ಟಾರ್ಪಾಲ್ ಎತ್ತುವುದು, ಫೋಟೊ ತೆಗೆಯುವುದು ಬೇಡವೇ ಬೇಡ. ಒಳಗೆ ಬರಬೇಡಿ ಎಂಬ ಬೋರ್ಡ್ ಇದ್ದರೆ ಗೇಟನ್ನೂ ದಾಟುವುದಿಲ್ಲ, ಕೈಯಲ್ಲಿ ಬರೆದ ಪತ್ರವನ್ನು ಅಂಚೆಗೆ ಹಾಕುತ್ತೇನೆ. ಮೊದಲ ಮಾತು ಯಾವತ್ತೂ ರೇಟಿನದಲ್ಲ. "ಅದು ಅರವತ್ತೆಂಟರ ರೋಡ್ ರನ್ನರ್ ಅಲ್ವಾ ಸರ್?" ಅಂತ ಗಾಡಿಯ ಹೆಸರು, ವರ್ಷ ಸರಿಯಾಗಿ ಹೇಳಿದರೆ ಸಾಕು, ಅವರೇ ಕಥೆ ಶುರು ಮಾಡುತ್ತಾರೆ. ಎಷ್ಟು ಕೊಡ್ತೀರಿ, ಎಷ್ಟಕ್ಕೆ ಬಿಡ್ತೀರಿ ಅಂತ ಶುರು ಮಾಡುವವರನ್ನು ಅವರು ಬೇಕಾದಷ್ಟು ನೋಡಿರುತ್ತಾರೆ.

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಇಲ್ಲಿದೆ. ಗಂಡ ತೀರಿಕೊಂಡ ಒಬ್ಬರು ಹಿರಿಯ ಹೆಂಗಸಿನ ಗ್ಯಾರೇಜಿನಲ್ಲಿ 1969ರ ಜಿಟಿಒ ಇತ್ತು. ನೀಲಿ ಬಣ್ಣ, ನಾಲ್ಕೂ ಟೈರು ನೆಲ ಕಚ್ಚಿದ್ದವು, ಸೀಟಿನಲ್ಲಿ ಇಲಿ ಗೂಡು. ಅವರ ಗಂಡ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲೇ ಕೆಲಸ ಮಾಡಿದವರು. ಪಕ್ಕದ ಮನೆಯವರೊಬ್ಬರು ಗುಜರಿ ರೇಟಿಗೆ ಕೇಳಿದ್ದರು, ಇವರು ಕೊಡಲು ಮನಸ್ಸು ಮಾಡಿದ್ದರು. ಗಾಜಿನ ಮೂಲಕ ಡ್ಯಾಶ್‌ಬೋರ್ಡ್ ಅಂಚಿನ ಚಾಸಿ ನಂಬರ್ ನೋಡಿದೆ. 242ರಿಂದ ಶುರು. 1966ರಿಂದ 71ರವರೆಗಿನ ಗಾಡಿಯಲ್ಲಿ ಈ ಮೂರು ಅಂಕಿ ಇದ್ದರೆ ನಿಜವಾದ ಜಿಟಿಒ, ಸಾದಾ ಲೆಮಾನ್ಸ್‌ಗೆ ಬ್ಯಾಡ್ಜ್ ಅಂಟಿಸಿದ್ದಲ್ಲ. ಅವರನ್ನು ಕೇಳಿಕೊಂಡು ಡಿಕ್ಕಿಯ ಮುಚ್ಚಳ ಎತ್ತಿದೆ. ಸ್ಪಾಯ್ಲರ್, ಅಂದರೆ ಡಿಕ್ಕಿಯ ಮೇಲಿನ ರೆಕ್ಕೆಯಂಥ ಪಟ್ಟಿ, ಕೂರಿಸಿದ್ದ ತೂತುಗಳನ್ನು ಯಾರೋ ಪುಟ್ಟಿ ತುಂಬಿ ಮುಚ್ಚಿದ್ದರು. ಬಾಗಿಲ ಸಂದಿಯಲ್ಲಿ ನೀಲಿಯ ಕೆಳಗೆ ಕಿತ್ತಳೆ ಕೆಂಪು ಇಣುಕುತ್ತಿತ್ತು.

ಅದು ಸ್ಪಾಯ್ಲರ್ ಜೊತೆ ಬರುತ್ತಿದ್ದ, ಜಡ್ಜ್ ಅನ್ನುವ ವಿಶೇಷ ಜಿಟಿಒ ಇರಬಹುದು ಅಂತ ಅನುಮಾನ ಬಂತು. 1969ರಲ್ಲಿ ಈ ಜಡ್ಜ್ ಪ್ಯಾಕೇಜಿನ ಜಿಟಿಒಗಳನ್ನು 6,833 ಮಾತ್ರ ಮಾಡಿದ್ದರು. ಆದರೆ ಚಾಸಿ ನಂಬರ್ ನೋಡಿ ಅದು ಗೊತ್ತಾಗುವುದಿಲ್ಲ, ತೂತು, ಬಣ್ಣ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಪಿಎಚ್‌ಎಸ್ ಎಂಬ ಸಂಸ್ಥೆಗೆ ಚಾಸಿ ನಂಬರ್ ಕೊಟ್ಟರೆ ಪಾಂಟಿಯಾಕ್ ಕಂಪನಿಯ ಹಳೇ ದಾಖಲೆಯ ನಕಲು ಕಳಿಸುತ್ತಾರೆ. ಶಾಪ್‌ನ ಖರ್ಚಿನಲ್ಲಿ ಅದನ್ನು ಅವರ ಹೆಸರಿಗೇ ತರಿಸಿದೆ. ಹೌದು, ಜಡ್ಜ್. ಆ ಕಾಗದ ಅವರ ಮೇಜಿನ ಮೇಲಿಟ್ಟು, "ಮೇಡಂ, ಇದು ಸಾದಾ ಜಿಟಿಒ ಅಲ್ಲ, ಬೆಲೆ ತುಂಬ ಜಾಸ್ತಿ. ನಮ್ಮ ರೇಟು ಇದು, ಬೇರೆ ಕಡೆಯೂ ಕೇಳಿ ನೋಡಿ" ಅಂದೆ. ಗಾಡಿ ಕೈತಪ್ಪಬಹುದಿತ್ತು. ಅವರು ಮಕ್ಕಳ ಜೊತೆ ಮಾತಾಡಿ, ಇನ್ನಿಬ್ಬರನ್ನು ಕೇಳಿ, ಕೊನೆಗೆ ನಮಗೇ ಫೋನ್ ಮಾಡಿದರು. ಗೊತ್ತಿಲ್ಲದವರ ಹತ್ತಿರ ಸುಮ್ನೆ ಬಾಯಿ ಮುಚ್ಚಿಕೊಂಡು ಕಡಿಮೆಗೆ ಎತ್ತುವುದನ್ನು ಈ ಲೈನಿನಲ್ಲಿ ಜಾಣತನ ಅಂತ ಕರೆಯುವವರಿದ್ದಾರೆ. ನನಗೆ ಅದು ಕಳ್ಳತನಕ್ಕಿಂತ ಬೇರೆ ಅನ್ನಿಸುವುದಿಲ್ಲ. ಲೆಕ್ಕದಲ್ಲೂ ಅದು ನಷ್ಟವೇ. ಆಕೆಯ ಚರ್ಚಿನಲ್ಲಿ ಈ ಸುದ್ದಿ ಹಬ್ಬಿ, ಅಲ್ಲಿಂದ ನಮಗೆ ಬೇರೆ ಗಾಡಿಗಳೂ ಬಂದವು.

ಮಾರಲ್ಲ ಅಂದರೆ? ಫೋನ್ ನಂಬರ್ ಕೊಟ್ಟು, ನಮಸ್ಕಾರ ಹೇಳಿ ಬರುವುದು. ಅಷ್ಟೇ. ನಟ ಸ್ಟೀವ್ ಮೆಕ್ವೀನ್ 1968ರ ಒಂದು ಸಿನಿಮಾದಲ್ಲಿ ಓಡಿಸಿದ್ದ ಹಸಿರು ಮಸ್ಟಾಂಗನ್ನು 1974ರಲ್ಲಿ ಒಂದು ಸಾಮಾನ್ಯ ಕುಟುಂಬ ಕೊಂಡಿತ್ತು. 1977ರಲ್ಲಿ ಮೆಕ್ವೀನ್ ಅವರೇ ಪತ್ರ ಬರೆದು ವಾಪಸ್ ಕೇಳಿದರು, ಬೇಕಾದರೆ ಅಂಥದ್ದೇ ಇನ್ನೊಂದು ಹುಡುಕಿಕೊಡುತ್ತೇನೆ ಅಂದರು. ಆ ಕುಟುಂಬ ಕೊಡಲಿಲ್ಲ. ಕ್ಲಚ್ ಹೋದ ಮೇಲೆ ಅದೂ ಗ್ಯಾರೇಜು ಸೇರಿತು. 2020ರ ಜನವರಿಯಲ್ಲಿ ಹರಾಜಿಗೆ ಬಂದಾಗ 37.4 ಲಕ್ಷ ಡಾಲರಿಗೆ ಹೋಯಿತು. ಅವರಿಗೆ ಇಲ್ಲ ಅನ್ನುವ ಹಕ್ಕಿತ್ತು, ನಾನು ತಟ್ಟುವ ಪ್ರತಿ ಬಾಗಿಲಲ್ಲೂ ಆ ಹಕ್ಕಿದೆ. ಪದೇ ಪದೇ ಹೋಗಿ ಕಾಡಬಾರದು. ಹೊಸ ವರ್ಷಕ್ಕೆ ಒಂದು ಕಾರ್ಡ್ ಹಾಕುತ್ತೇನೆ. ಯಾವುದಾದರೂ ಬಿಡಿಭಾಗ ಬೇಕಿದೆ ಅಂದಿದ್ದರೆ ಹುಡುಕಿ ಕಳಿಸುತ್ತೇನೆ. ಗಾಡಿ ಎಲ್ಲಿದೆ ಅಂತ ಬೇರೆ ಯಾರಿಗೂ ಹೇಳುವುದಿಲ್ಲ.

ಮಾತು ಮುಗಿದ ಮೇಲೆ ಕಾಗದ ಪತ್ರ. ನಮ್ಮ ಆರ್‌ಸಿ ಥರ ಇಲ್ಲಿ ಟೈಟಲ್ ಅಂತ ಇರುತ್ತದೆ. ಆ ಜಿಟಿಒದ ಟೈಟಲ್ ಗಂಡನ ಹೆಸರಿನಲ್ಲೇ ಉಳಿದಿತ್ತು. ಅದು ಅವರ ಹೆಸರಿಗೆ ಆಗುವವರೆಗೆ ನಾವು ಗಾಡಿ ಅಲುಗಿಸಲಿಲ್ಲ. ಟೈಟಲ್ ಮೇಲಿನ ನಂಬರ್, ಡ್ಯಾಶ್ ಮೇಲಿನ ನಂಬರ್ ಒಂದೇನಾ ಅಂತ ಅಂಕಿ ಅಂಕಿ ಓದಿ ನೋಡಿದೆವು, ಕಳವಿನ ಪಟ್ಟಿಯಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಬ್ರೇಕ್ ಹಿಡಿದುಕೊಂಡಿದ್ದರಿಂದ ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಕೊಟ್ಟು ನಿಧಾನ ಎಳೆದೆವು. ಎಂಜಿನ್ ಕೂಡ ಹಿಡಿದಿತ್ತು. ಇಂಥ ಎಂಜಿನ್‌ಗೆ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಲು ಹೋಗಬಾರದು. ಪ್ಲಗ್ ತೆಗೆದು, ಸಿಲಿಂಡರಿಗೆ ಎಣ್ಣೆ ಬಿಟ್ಟು, ಕೈಯಿಂದಲೇ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ಹೋದೆವು, ಕೊನೆಗೆ ಬಿಟ್ಟುಕೊಂಡಿತು. ಈಗ ಡಿಕ್ಕಿಯ ತಳಕ್ಕೆ ಹೊಸ ತಗಡು ಹಾಕುವ ಕೆಲಸ ನಡೆಯುತ್ತಿದೆ.